ಎರಡನೇ ಸೀರಿಯಲ್ ಪೋರ್ಟಿನ ಆಚೆ ಯಾರಿದ್ದರು? ಹಳೆಯ ಸ್ಟೋರೇಜ್ ಪೆಟ್ಟಿಗೆಗೆ ಹೊಸ ಕರ್ನಲ್ ಹಾಕಿದ ಒಂದು ಪ್ರಕರಣ

ಈ ಪ್ರಕರಣದ ಮುಖ್ಯ ವ್ಯಕ್ತಿಯನ್ನು ‘ಕ’ ಎಂದು ಕರೆಯುತ್ತೇನೆ. ವೃತ್ತಿಯಲ್ಲಿ ವೆಬ್ ಪ್ರೋಗ್ರಾಮರ್. ಬಿಡುವಿನಲ್ಲಿ ಬೋರ್ಡು, ಚಿಪ್ಪು, ಸೋಲ್ಡರಿಂಗ್ ಎಂದು ಕೂರುವವರು. ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೆಲಸದಲ್ಲಿ ಪಳಗಿದ, ಆಗಾಗ ಅವರಿಗೆ ಸಲಹೆ ಕೊಟ್ಟವರು ‘ಖ’. ಕ ಅವರ ಟಿಪ್ಪಣಿಗಳನ್ನೂ ಸೀರಿಯಲ್ ಪೋರ್ಟಿನ (ಒಂದೊಂದೇ ಬಿಟ್ ಸಾಲಾಗಿ ಸಾಗಿಸುವ ತಂತಿ ಸಂಪರ್ಕ) ಲಾಗ್‌ಗಳನ್ನೂ ಓದಿ, ಅವರ ಒಪ್ಪಿಗೆಯ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪೆಟ್ಟಿಗೆಯ ತಯಾರಕರು ಯಾರು, ಮಾದರಿ ಯಾವುದು ಎಂಬುದನ್ನು ಬಿಟ್ಟಿದ್ದೇನೆ. ಮಾದರಿಯ ಗುರುತು ಹತ್ತಬಹುದಾದ ಕೆಲವು ವಿವರಗಳನ್ನೂ ಹೇಳುತ್ತಿಲ್ಲ.

ಹಿನ್ನೆಲೆ

ಎರಡು ಹಾರ್ಡ್‌ಡಿಸ್ಕ್ ಹಿಡಿಸುವ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ ಅದು. ಒಳಗಿರುವುದು ಮಾರ್ವೆಲ್‌ನ ಕರ್ಕ್‌ವುಡ್ ಸರಣಿಯ 88ಎಫ್6281 ಚಿಪ್: 1.2 ಗಿಗಾಹರ್ಟ್ಸ್ ವೇಗದ, ಆರ್ಮ್ ವಿ5 ಪೀಳಿಗೆಯ ಒಂದೇ ಕೋರ್. 2009ರಲ್ಲಿ ಹವ್ಯಾಸಿಗಳ ನಡುವೆ ಹೆಸರು ಮಾಡಿದ ಶೀವಾಪ್ಲಗ್ ಎಂಬ ಪುಟ್ಟ ಕಂಪ್ಯೂಟರಿನಲ್ಲಿದ್ದದ್ದೂ ಇದೇ ಚಿಪ್. ಜೊತೆಗೆ 256 ಎಂಬಿ ರ‍್ಯಾಮ್, 16 ಎಂಬಿ ಎಸ್‌ಪಿಐ ಫ್ಲ್ಯಾಶ್ (ಕರೆಂಟ್ ಹೋದರೂ ಅಳಿಯದ ಸ್ಮೃತಿ), ಹಿಂದುಗಡೆ ಒಂದು ಫ್ಯಾನ್.

ಹಾರ್ಡ್‌ವೇರ್ ಗಟ್ಟಿಯಾಗಿಯೇ ಇತ್ತು, ಹಳಸಿದ್ದು ಸಾಫ್ಟ್‌ವೇರ್. ತಯಾರಕರು ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಒಳಗಿದ್ದ ಲಿನಕ್ಸ್ ಕರ್ನಲ್ 2.6.31, ಅಂದರೆ 2009ರದ್ದು. ಫೈಲ್ ಹಂಚಿಕೆಗೆ ಪೆಟ್ಟಿಗೆಗೆ ಗೊತ್ತಿದ್ದದ್ದು ಎಸ್‌ಎಂಬಿ ಪ್ರೋಟೋಕಾಲ್‌ನ ಮೊದಲ ಆವೃತ್ತಿ ಮಾತ್ರ. ಭದ್ರತೆಯ ಕಾರಣಕ್ಕೆ ಇಂದಿನ ಆಪರೇಟಿಂಗ್ ಸಿಸ್ಟಮ್‌ಗಳು ಅದನ್ನು ತಾವಾಗಿ ಮುಟ್ಟುವುದಿಲ್ಲ. ಹಾಗಾಗಿ ಪೆಟ್ಟಿಗೆ ಓಡುತ್ತಿತ್ತು, ಆದರೆ ಅದರೊಂದಿಗೆ ಮಾತಾಡುವವರು ಯಾರೂ ಉಳಿದಿರಲಿಲ್ಲ.

ಯಾವ ಆಪರೇಟಿಂಗ್ ಸಿಸ್ಟಮ್ ಹಾಕುವುದು ಎಂಬುದೇ ಮೊದಲ ತೀರ್ಮಾನ. ಓಪನ್‌ಬಿಎಸ್‌ಡಿ ಕ ಅವರಿಗೆ ಇಷ್ಟ. ಆದರೆ ಅದರ 32 ಬಿಟ್ ಆರ್ಮ್ ಆವೃತ್ತಿಗೆ ಆರ್ಮ್ ವಿ7 ಬೇಕು, ಈ ಚಿಪ್ಪಿನ ಮೇಲೆ ಅದು ಏಳುವುದಿಲ್ಲ. ನೆಟ್‌ಬಿಎಸ್‌ಡಿಯ ಇವಿಬಿಆರ್ಮ್ ಪೋರ್ಟಿನಲ್ಲಿ ಕರ್ಕ್‌ವುಡ್‌ಗೆ ಬೆಂಬಲವಿದೆ. ಅಲ್ಲದೆ ಯಾವ ಯುನಿಕ್ಸ್ ಯಂತ್ರದಲ್ಲಿ ಕೂತಾದರೂ ಒಂದೇ ಸ್ಕ್ರಿಪ್ಟಿನಿಂದ ಇಡೀ ಸಿಸ್ಟಮ್ ಕಟ್ಟಿಕೊಳ್ಳುವ ಅನುಕೂಲ ಅಲ್ಲಿದೆ. ಲಿನಕ್ಸ್‌ನಲ್ಲಿ ಇದೇ ಚಿಪ್ಪಿನ ಹತ್ತಾರು ಬೋರ್ಡುಗಳು ಮುಖ್ಯ ಮರದಲ್ಲೇ, ಅಂದರೆ ಅಧಿಕೃತ ಮೂಲಸಂಕೇತದಲ್ಲೇ, ಸೇರಿವೆ. ಕ ಆರಿಸಿದ್ದು ಲಿನಕ್ಸ್. ಅವರು ಕೊಟ್ಟ ಕಾರಣ ಚೆನ್ನಾಗಿತ್ತು: ಪೆಟ್ಟಿಗೆಯಲ್ಲಿ ಈಗ ಓಡುತ್ತಿರುವುದೂ ಲಿನಕ್ಸೇ, ಎಲ್ಲಾದರೂ ಸಿಕ್ಕಿಕೊಂಡರೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಏನು ತೊಡಕು

ಚಿಪ್ಪಿಗೆ ಬೆಂಬಲವಿದ್ದ ಮಾತ್ರಕ್ಕೆ ಬೋರ್ಡಿಗೆ ಬೆಂಬಲ ಬಂದಂತಾಗುವುದಿಲ್ಲ. ಈ ಹವ್ಯಾಸಕ್ಕೆ ಹೊಸದಾಗಿ ಇಳಿದವರು ಎಡವುವುದೇ ಇಲ್ಲಿ. ಚಿಪ್ಪಿನ ಒಳಗಿನ ಟೈಮರ್, ಸೀರಿಯಲ್, ಸಾಟಾ, ಈಥರ್ನೆಟ್ ಎಲ್ಲಕ್ಕೂ ಡ್ರೈವರ್ ಸಿದ್ಧವಾಗಿರುತ್ತದೆ. ಆದರೆ ಯಾವ ಕಾಲಿಗೆ ಯಾವ ಎಲ್‌ಇಡಿ, ಡಿಸ್ಕಿಗೆ ಕರೆಂಟ್ ಬಿಡುವ ಪಿನ್ ಯಾವುದು, ಫ್ಯಾನ್ ಯಾರ ಹಿಡಿತದಲ್ಲಿದೆ ಎಂಬುದು ಬೋರ್ಡ್ ತಯಾರಕರಿಗೆ ಮಾತ್ರ ಗೊತ್ತು. ಹಳೆಯ ಕಾಲದಲ್ಲಿ ಇದನ್ನೆಲ್ಲ ಕರ್ನಲ್ ಒಳಗೆ ಸಿ ಭಾಷೆಯ ಬೋರ್ಡ್ ಫೈಲ್ ಆಗಿ ಬರೆಯುತ್ತಿದ್ದರು. ಬೂಟ್‌ಲೋಡರ್ (ಆನ್ ಆದೊಡನೆ ಓಡಿ ಕರ್ನಲನ್ನು ಎಬ್ಬಿಸುವ ಪ್ರೋಗ್ರಾಂ) ಒಂದು ಯಂತ್ರಸಂಖ್ಯೆ ಕೊಟ್ಟರೆ ಕರ್ನಲ್ ಅದಕ್ಕೆ ಹೊಂದುವ ಫೈಲನ್ನು ಎತ್ತಿಕೊಳ್ಳುತ್ತಿತ್ತು. ಅಂಥ ಫೈಲುಗಳು ರಾಶಿ ಬಿದ್ದು 2011ರಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಸಿಡುಕಿದ ಮೇಲೆ ಆರ್ಮ್ ಲೋಕ ಡಿವೈಸ್ ಟ್ರೀ ಕಡೆಗೆ ಹೊರಳಿತು. ಈಗ ಬೋರ್ಡಿನ ವರ್ಣನೆ ಕರ್ನಲ್‌ನಿಂದ ಹೊರಗೆ, ಬೇರೆಯೇ ಫೈಲಿನಲ್ಲಿರುತ್ತದೆ.

ಕ ಅವರ ಪೆಟ್ಟಿಗೆಯ ಬೂಟ್‌ಲೋಡರ್ ಈ ಬದಲಾವಣೆಗೂ ಹಿಂದಿನ ಯು-ಬೂಟ್. ಡಿವೈಸ್ ಟ್ರೀ ಎಂಬ ಮಾತೇ ಅದಕ್ಕೆ ಗೊತ್ತಿಲ್ಲ. ಜೊತೆಗೆ ಫ್ಲ್ಯಾಶಿನಲ್ಲಿ ಕರ್ನಲ್‌ಗೆಂದು ಮೀಸಲಿದ್ದ ಜಾಗ 2 ಎಂಬಿ. ಇಂದಿನ ಕರ್ನಲನ್ನು ಎಷ್ಟು ಹಿಂಡಿದರೂ ಅದರೊಳಗೆ ತೂರಿಸುವುದು ಕಷ್ಟ.

ಅಳಿಸುವ ಮೊದಲು ಕೇಳಿಸಿಕೊಂಡದ್ದು

ಕ ಅವರ ಮೂಲ ಯೋಜನೆಯಲ್ಲಿ ಹಳೆಯ ಸಿಸ್ಟಮನ್ನು ಅಳಿಸುವುದೇ ಮೊದಲ ಹೆಜ್ಜೆಯಾಗಿತ್ತು. ಖ ಅದನ್ನು ಕೊನೆಗೆ ತಳ್ಳಿಸಿದರು. “ಅದು ಬದುಕಿರುವಷ್ಟು ದಿನ ನಿಮಗೆ ಸಾಕ್ಷಿ ಇದೆ. ಸತ್ತ ಮೇಲೆ ಬೋರ್ಡನ್ನೇ ಕೆರೆಯುತ್ತಾ ಕೂರಬೇಕು” ಎಂದರಂತೆ. ಇಡೀ ಪ್ರಕರಣದಲ್ಲಿ ಇಷ್ಟು ಅಗ್ಗಕ್ಕೆ ಸಿಕ್ಕು ಇಷ್ಟು ಬೆಲೆ ಬಾಳಿದ ಸಲಹೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾಗಿ ಅವರು ಓಡುತ್ತಿದ್ದ ಸಿಸ್ಟಮ್‌ಗೆ ಲಾಗಿನ್ ಆಗಿ ಬಾಚಿಕೊಳ್ಳಲು ಕೂತರು. ಬೂಟ್ ಲಾಗ್ ಪೂರ್ತಿ, ಪ್ರಾಕ್ ಡೈರೆಕ್ಟರಿಯ ಸಿಪಿಯು ವಿವರ, ಫ್ಲ್ಯಾಶ್ ವಿಭಾಗಗಳ ಪಟ್ಟಿ, ಕರ್ನಲ್‌ಗೆ ಬಂದ ಕಮಾಂಡ್ ಲೈನ್, ಓಡುತ್ತಿದ್ದ ಎಲ್ಲ ಪ್ರೋಸೆಸ್‌ಗಳ ಹೆಸರು. ಫ್ಲ್ಯಾಶಿನ ಪ್ರತಿಯೊಂದು ವಿಭಾಗವನ್ನೂ ಬೇರೆ ಯಂತ್ರಕ್ಕೆ ನಕಲಿಸಿ ಚೆಕ್‌ಸಮ್ ತಾಳೆ ನೋಡಿದರು. ಹಳೆಯ ಸಿಸ್ಟಮ್ ಇದ್ದ ಡಿಸ್ಕನ್ನು ತೆಗೆದು, ಚೀಟಿ ಅಂಟಿಸಿ, ಪಕ್ಕಕ್ಕಿಟ್ಟರು. ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಪ್ರಕಾರ ಕೊಡಲೇಬೇಕಾದ ಮೂಲಸಂಕೇತವನ್ನು ತಯಾರಕರಿಂದ ಕೇಳಿ ಪಡೆದರು. ಬಂದದ್ದು ಅರೆಬರೆ: ಅದರಿಂದ ಹಳೆಯ ಕರ್ನಲ್ ಕಟ್ಟಲು ಆಗುತ್ತಿರಲಿಲ್ಲ. ಆದರೂ ಅದರಲ್ಲಿದ್ದ ಬೋರ್ಡ್ ಫೈಲಿನಿಂದ ಎಲ್‌ಇಡಿ ಮತ್ತು ಗುಂಡಿಗಳ ಪಿನ್ ನಂಬರುಗಳು ಸಿಕ್ಕವು.

ಆಮೇಲೆ ಸೀರಿಯಲ್ ಕನ್ಸೋಲ್, ಅಂದರೆ ಪೆಟ್ಟಿಗೆಯ ಮಾತು ಕೇಳಲು, ಅದಕ್ಕೆ ಆದೇಶ ಕೊಡಲು ಒಂದು ತಂತಿ. ಬೋರ್ಡಿನ ಅಂಚಿನಲ್ಲಿ ನಾಲ್ಕು ಪಿನ್‌ಗಳ, ಹೆಸರಿಲ್ಲದ ಒಂದು ಹೆಡರ್ ಇತ್ತು. ಗುರುತಿಸುವ ವಿಧಾನ ಹಳೆಯದೇ. ಪೆಟ್ಟಿಗೆ ಆಫ್ ಆಗಿರುವಾಗ ಮಲ್ಟಿಮೀಟರ್ ಬೀಪ್ ಎಂದ ಪಿನ್ ಗ್ರೌಂಡ್. ಆನ್ ಮಾಡಿದಾಗ 3.3 ವೋಲ್ಟ್‌ನಲ್ಲಿ ಅಲ್ಲಾಡದೆ ನಿಂತದ್ದು ಪವರ್. ಬೂಟ್ ಆಗುವಾಗ ಮೀಟರಿನ ಅಂಕಿ ತುಯ್ದಾಡಿದ್ದು ಪೆಟ್ಟಿಗೆ ಮಾತಾಡುವ ಪಿನ್. ಉಳಿದದ್ದು ಕೇಳಿಸಿಕೊಳ್ಳುವ ಪಿನ್. ಪವರ್ ಪಿನ್ನಿಗೆ ಏನನ್ನೂ ಜೋಡಿಸಬಾರದು; ಅಡಾಪ್ಟರ್ 3.3 ವೋಲ್ಟಿನದ್ದೇ ಆಗಿರಬೇಕು. ಹಳೆಯ ಪಿಸಿಗಳ ಆರ್‌ಎಸ್-232 ಪೋರ್ಟನ್ನು ನೇರವಾಗಿ ಕೊಟ್ಟರೆ ಚಿಪ್ ಹೋಯಿತೆಂದೇ ಲೆಕ್ಕ. 115200 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್ ವೇಗದಲ್ಲಿ) ಬೂಟ್‌ಲೋಡರಿನ ಮೊದಲ ಸಾಲು ಬಂದೇ ಬಂತು.

ಅಲ್ಲೇ ಇನ್ನೊಂದು ತೀರ್ಮಾನವೂ ಆಯಿತು. ಬೂಟ್‌ಲೋಡರನ್ನು ಮುಟ್ಟುವುದಿಲ್ಲ, ಹೊಸ ಯು-ಬೂಟ್ ಹಾಕಿದರೆ ಡಿವೈಸ್ ಟ್ರೀ ತೊಂದರೆ ಒಂದೇಟಿಗೆ ತೀರುತ್ತದೆ ನಿಜ, ಆದರೂ ಮುಟ್ಟುವುದಿಲ್ಲ. ಹಾಗೂ ಏನಾದರೂ ಕೆಟ್ಟರೆ ಕರ್ಕ್‌ವುಡ್ ಚಿಪ್ಪಿನಲ್ಲಿ ಒಂದು ಹಿಂಬಾಗಿಲಿದೆ: ಆನ್ ಆದ ಕೂಡಲೇ ಸೀರಿಯಲ್‌ನಲ್ಲಿ ನಿರ್ದಿಷ್ಟ ಎಂಟು ಬೈಟ್ ಬಂದರೆ ಚಿಪ್ಪಿನೊಳಗೇ ಕೆತ್ತಿದ ಆರಂಭದ ಪ್ರೋಗ್ರಾಂ (ಬೂಟ್ ರೋಮ್) ಫ್ಲ್ಯಾಶನ್ನು ಬಿಟ್ಟು ಅದೇ ತಂತಿಯಿಂದ ಬೂಟ್‌ಲೋಡರನ್ನು ಎಳೆದುಕೊಳ್ಳುತ್ತದೆ. ಯು-ಬೂಟ್ ಜೊತೆಗೇ ಬರುವ ಕೆಡಬ್ಲ್ಯೂಬೂಟ್ ಎಂಬ ಸಲಕರಣೆ ಇದನ್ನು ಮಾಡುತ್ತದೆ. ಏನೂ ಕೆಡದಿದ್ದಾಗಲೇ ಕ ಇದನ್ನು ಒಮ್ಮೆ ಮಾಡಿ ನೋಡಿಕೊಂಡರು. ಇದನ್ನು ಬಹಳ ಜನ ಕೆಟ್ಟ ಮೇಲೆ ಕಲಿಯಲು ಹೊರಡುತ್ತಾರೆ. ಆಗ ಎಡವಟ್ಟು ತಂತಿಯಲ್ಲೋ, ಚಿಪ್ಪಿನಲ್ಲೋ, ತಮ್ಮ ಕಮಾಂಡಿನಲ್ಲೋ ತಿಳಿಯುವುದಿಲ್ಲ.

ಮೊದಲ ಮೌನ

ಕೆಲಸವೆಲ್ಲ ರ‍್ಯಾಮಿನಲ್ಲೇ ನಡೆಯಲಿ ಎಂದು ಕರ್ನಲನ್ನು ಟಿಎಫ್‌ಟಿಪಿ ಮೂಲಕ ನೆಟ್‌ವರ್ಕಿನಿಂದ ಎಳೆದುಕೊಳ್ಳುವಂತೆ ಮಾಡಿಕೊಂಡರು. ಫ್ಲ್ಯಾಶ್ ಹಾಗೇ ಉಳಿಯಿತು. ಶೀವಾಪ್ಲಗ್‌ನ ಡಿವೈಸ್ ಟ್ರೀಯನ್ನು ನಕಲಿಸಿ, ಬೇಡದ್ದನ್ನು ತೆಗೆದು, ಬೋರ್ಡ್ ಫೈಲಿನಲ್ಲಿ ಕಂಡ ಪಿನ್‌ಗಳನ್ನು ಸೇರಿಸಿ ಮೊದಲ ಕರಡು ಮಾಡಿದರು. ಹಳೆಯ ಬೂಟ್‌ಲೋಡರಿಗೆ ಡಿವೈಸ್ ಟ್ರೀ ಗೊತ್ತಿಲ್ಲದಿದ್ದರೆ ಅದನ್ನು ಕರ್ನಲ್ ಫೈಲಿನ ಬಾಲಕ್ಕೇ ಅಂಟಿಸಿಬಿಡುವ ಉಪಾಯವಿದೆ. ಕರ್ನಲ್ ಕಾನ್ಫಿಗ್‌ನಲ್ಲಿ ಅದಕ್ಕೊಂದು ಆಯ್ಕೆಯಿದೆ.

ಫಲ: ‘ಕರ್ನಲ್ ಶುರು ಮಾಡುತ್ತಿದ್ದೇನೆ’ ಎಂಬ ಬೂಟ್‌ಲೋಡರಿನ ಸಾಲು, ಆಮೇಲೆ ಏನೂ ಇಲ್ಲ.

ಈ ಮೌನದ ಮುಂದೆ ಕೂತವರು ಸಾಮಾನ್ಯವಾಗಿ ಡಿವೈಸ್ ಟ್ರೀಯನ್ನು ತಿದ್ದುತ್ತಾ ಹೋಗುತ್ತಾರೆ. ಕ ಅವರೂ ಒಂದಷ್ಟು ತಿದ್ದಿದರು. ಖ ಕೇಳಿದ್ದು ಬೇರೆಯೇ: ಕರ್ನಲ್ ಸತ್ತಿದೆಯೋ, ಬಾಯಿ ಮಾತ್ರ ಕಟ್ಟಿದೆಯೋ? ಸಾಮಾನ್ಯ ಕನ್ಸೋಲ್ ಡ್ರೈವರ್ ಏಳುವುದು ಬಹಳ ತಡವಾಗಿ. ಅದಕ್ಕೂ ಮುಂಚೆ ಕರ್ನಲ್ ಏನಾದರೂ ಗೊಣಗಿದರೆ ನಮಗೆ ಕೇಳಬೇಕಾದರೆ ಕೆಳಮಟ್ಟದ ಡೀಬಗ್ ಆಯ್ಕೆಯನ್ನು ಆನ್ ಮಾಡಿ, ಸೀರಿಯಲ್ ಪೋರ್ಟಿನ ವಿಳಾಸವನ್ನು ಕರ್ನಲ್ ಕಟ್ಟುವಾಗಲೇ ಕೆತ್ತಿಡಬೇಕು. ಹಾಗೆ ಕಟ್ಟಿದ ಕರ್ನಲ್ ಬೇರೆ ಬಗೆಯ ಬೋರ್ಡಿನಲ್ಲಿ ಓಡಲಿಕ್ಕಿಲ್ಲ, ಆದ್ದರಿಂದ ಇದು ಹುಡುಕಾಟದ ಅವಧಿಗೆ ಮಾತ್ರ.

ಅದನ್ನು ಆನ್ ಮಾಡಿದ್ದೇ ತಡ, ಕರ್ನಲ್ ಮಾತಾಡಿತು. ಗುರುತಿಲ್ಲದ ಯಂತ್ರಸಂಖ್ಯೆ ಎಂದು ದೂರಿ, ತನಗೆ ಗೊತ್ತಿರುವ ಯಂತ್ರಗಳ ಪಟ್ಟಿ ಕೊಟ್ಟು ನಿಂತಿತು. ಅಂದರೆ ಡಿವೈಸ್ ಟ್ರೀ ತಪ್ಪಾಗಿರಲಿಲ್ಲ, ಕರ್ನಲ್‌ಗೆ ತಲುಪಿಯೇ ಇರಲಿಲ್ಲ. ಕಾರಣ ಕಟ್ಟುವ ಸ್ಕ್ರಿಪ್ಟಿನ ಸಾಲುಗಳ ಹಿಂದುಮುಂದು. ಯು-ಬೂಟ್‌ಗೆ ಕೊಡುವ ಕರ್ನಲ್ ಇಮೇಜಿಗೆ 64 ಬೈಟ್‌ಗಳ ತಲೆಬರಹ ಇರುತ್ತದೆ. ಒಳಗಿನ ದತ್ತಾಂಶದ ಉದ್ದವೂ ಚೆಕ್‌ಸಮ್ಮೂ ಅದರಲ್ಲಿರುತ್ತವೆ. ಸ್ಕ್ರಿಪ್ಟು ಮೊದಲು ತಲೆಬರಹ ಹಾಕಿ, ಆಮೇಲೆ ಬಾಲಕ್ಕೆ ಡಿವೈಸ್ ಟ್ರೀ ಅಂಟಿಸುತ್ತಿತ್ತು. ತಲೆಬರಹದಲ್ಲಿದ್ದ ಉದ್ದದಷ್ಟನ್ನು ಮಾತ್ರ ಬೂಟ್‌ಲೋಡರ್ ಸರಿಯಾದ ಜಾಗಕ್ಕೆ ಸಾಗಿಸಿತು, ಬಾಲ ಅಲ್ಲೇ ಉಳಿಯಿತು. ಮೊದಲು ಅಂಟಿಸಿ ಆಮೇಲೆ ತಲೆಬರಹ ಹಾಕಿದ ಮೇಲೆ ಕರ್ನಲ್ ಎದ್ದಿತು. ಸಾಟಾ, ಯುಎಸ್‌ಬಿ, ಈಥರ್ನೆಟ್ ಒಂದರ ಹಿಂದೊಂದು ಕಾಣಿಸಿದವು. ಇಷ್ಟರಲ್ಲಿ ಕೆಲಸ ಮುಗಿಯಿತೆಂದೇ ಕ ಅಂದುಕೊಂಡಿದ್ದರು.

ಕೆಲವು ನಿಮಿಷಕ್ಕೊಮ್ಮೆ ಸಾಯುವ ಪೆಟ್ಟಿಗೆ

ಲಾಗಿನ್ ಆಗಿ, ಡಿಸ್ಕ್ ಮೌಂಟ್ ಮಾಡಿ, ದೊಡ್ಡದೊಂದು ಫೈಲ್ ನಕಲಿಸಲು ಹಚ್ಚಿದರೆ ನಡುವೆ ಪೆಟ್ಟಿಗೆ ರೀಬೂಟ್. ಪ್ಯಾನಿಕ್ (ಕರ್ನಲ್ ಕುಸಿದಾಗ ಬರುವ ಸಂದೇಶ) ಇಲ್ಲ, ಎಚ್ಚರಿಕೆಯ ಸಾಲಿಲ್ಲ. ಬರೆಯುತ್ತಿದ್ದ ಸಾಲು ಅರ್ಧಕ್ಕೆ ತುಂಡಾಗಿ, ಅದರ ಪಕ್ಕದಲ್ಲೇ ಬೂಟ್‌ಲೋಡರಿನ ಮೊದಲ ಸಾಲು.

ಇಲ್ಲಿಂದ ಮುಂದೆ ಕ ಅವರ ಟಿಪ್ಪಣಿ ಅನುಮಾನಗಳ ಪಟ್ಟಿಯಾಗುತ್ತದೆ. ಡಿಸ್ಕ್ ನಕಲಿಸುವಾಗ ಸಾಯುತ್ತದೆ ಎಂದು ಸಾಟಾ ಡ್ರೈವರಿನ ಮೇಲೆ ಗುಮಾನಿ. ಡಿಸ್ಕ್ ಇಲ್ಲದೆಯೂ ಸತ್ತಿತು. ಅಡಾಪ್ಟರ್ ಹಳೆಯದು, ಡಿಸ್ಕ್ ತಿರುಗಿದಾಗ ವೋಲ್ಟೇಜ್ ಕುಸಿಯುತ್ತಿರಬಹುದು ಎಂದು ಹೊಸ ಅಡಾಪ್ಟರ್. ಆಗಲೂ ಸತ್ತಿತು. ಫ್ಯಾನ್ ತಿರುಗುತ್ತಿಲ್ಲ, ಬಿಸಿಯಿಂದ ಇರಬೇಕು ಎಂದು ಮುಚ್ಚಳ ತೆಗೆದು ಹೊರಗಿನಿಂದ ಫ್ಯಾನ್ ಇಟ್ಟರು, ಆಗಲೂ. ರ‍್ಯಾಮ್ ಪರೀಕ್ಷೆ ಓಡಿಸಿದರು. ಪರೀಕ್ಷೆಯೇ ಮುಗಿಯುವ ಮೊದಲು ರೀಬೂಟ್ ಆಗುತ್ತಿದ್ದುದರಿಂದ ಅದರಿಂದ ಏನೂ ತಿಳಿಯಲಿಲ್ಲ. ಚಿಪ್ಪಿನೊಳಗೇ ಒಂದು ವಾಚ್‌ಡಾಗ್ ಟೈಮರ್ (ಗಡುವಿನೊಳಗೆ ಸುದ್ದಿ ಬರದಿದ್ದರೆ ರೀಬೂಟ್ ಮಾಡುವ ಗಡಿಯಾರ) ಇದೆಯಲ್ಲ, ಬೂಟ್‌ಲೋಡರ್ ಅದನ್ನು ಚಾಲೂ ಮಾಡಿ ಬಿಟ್ಟಿದೆಯೇ ಎಂದು ಅದರ ಡ್ರೈವರ್ ಹಾಕಿ ನಿಲ್ಲಿಸಿಯೂ ನೋಡಿದರು. ಬದಲಾವಣೆ ಇಲ್ಲ. ಈ ಹಂತದಲ್ಲಿ ಕರ್ನಲ್‌ನ ಹಳೆಯ ಆವೃತ್ತಿಗಳಿಗೆ ಒಂದೊಂದಾಗಿ ಹಿಂದೆ ಹೋಗಿ ನೋಡುವ ಯೋಚನೆಯಲ್ಲಿದ್ದರು. ಹಾಗೆ ಮಾಡಿದ್ದರೆ ವಾರಗಟ್ಟಲೆ ಕಟ್ಟುವುದು, ಓಡಿಸುವುದು, ಸಾಯುವುದು ಇದೇ ನಡೆಯುತ್ತಿತ್ತು.

ಖ ಕೊಟ್ಟ ಪ್ರಯೋಗಕ್ಕೆ ಒಂದು ಕೀ ಒತ್ತಿದರೆ ಸಾಕಿತ್ತು. ಪೆಟ್ಟಿಗೆ ಆನ್ ಮಾಡಿ, ಬೂಟ್‌ಲೋಡರಿನ ಪ್ರಾಂಪ್ಟಿನಲ್ಲೇ (ಅದು ಆದೇಶಕ್ಕೆ ಕಾಯುವ ಸಾಲಿನಲ್ಲೇ) ನಿಲ್ಲಿಸಿ, ಸುಮ್ಮನೆ ಬಿಟ್ಟುಬಿಡಿ. ಏನೂ ಓಡಿಸಬೇಡಿ.

ಕೆಲವು ನಿಮಿಷದ ಬಳಿಕ ಅಲ್ಲೂ ರೀಬೂಟ್ ಆಯಿತು.

ಪ್ರಕರಣದ ತಿರುವು ಇದು. ಕರ್ನಲ್ ಇನ್ನೂ ರ‍್ಯಾಮಿಗೆ ಬಂದೇ ಇರಲಿಲ್ಲ, ಆದರೂ ಪೆಟ್ಟಿಗೆ ಸತ್ತಿತ್ತು. ಅಂದರೆ ಇಷ್ಟು ದಿನ ಅನುಮಾನಿಸಿದ ಡ್ರೈವರ್, ಡಿವೈಸ್ ಟ್ರೀ, ಆವೃತ್ತಿ ಯಾವುದಕ್ಕೂ ಇದರಲ್ಲಿ ಪಾತ್ರವಿಲ್ಲ. ಮೊದಲೇ ಯಾಕೆ ಕಣ್ಣಿಗೆ ಬೀಳಲಿಲ್ಲ ಎಂದರೆ, ಬೂಟ್‌ಲೋಡರಿನಲ್ಲಿ ಯಾರೂ ಅಷ್ಟು ಹೊತ್ತು ಕೂರುವುದಿಲ್ಲ. ಹಳೆಯ ಸಿಸ್ಟಮ್ ಮಾತ್ರ ತಿಂಗಳುಗಟ್ಟಲೆ ಓಡುತ್ತಿತ್ತು. ಹಾಗಾದರೆ ಅದು ಮಾಡುತ್ತಿದ್ದ ಏನನ್ನೋ ಹೊಸದು ಮಾಡುತ್ತಿಲ್ಲ.

ಬೋರ್ಡನ್ನು ಮತ್ತೆ ದಿಟ್ಟಿಸಿದಾಗ ಫ್ಯಾನಿನ ಕನೆಕ್ಟರ್ ಪಕ್ಕದಲ್ಲಿ ಒಂದು ಸಣ್ಣ ಮೈಕ್ರೋಕಂಟ್ರೋಲರ್ ಕಂಡಿತು. ಅದರ ಎರಡು ಕಾಲುಗಳಿಂದ ಹೊರಟ ಗೆರೆಗಳು ಮುಖ್ಯ ಚಿಪ್ಪಿನ ಎರಡನೇ ಸೀರಿಯಲ್ ಪೋರ್ಟಿನ ಕಡೆ ಹೋಗಿದ್ದವು. ಸ್ಟೋರೇಜ್ ಪೆಟ್ಟಿಗೆಗಳಲ್ಲಿ ಇಂಥ ಏರ್ಪಾಟು ಅಪರೂಪವಲ್ಲ: ಪವರ್ ಗುಂಡಿ, ಫ್ಯಾನ್, ಬಜರ್ ಎಲ್ಲ ಆ ಪುಟ್ಟ ಚಿಪ್ಪಿನ ವಶದಲ್ಲಿರುತ್ತವೆ. ಎರಡನೇ ಸೀರಿಯಲ್ ಪೋರ್ಟಿಗೆ ಒಂದೇ ಒಂದು ಅಕ್ಷರ ಕಳಿಸಿ ಪೆಟ್ಟಿಗೆಯನ್ನು ಆಫ್ ಮಾಡುವ ಡ್ರೈವರ್ ಲಿನಕ್ಸ್ ಮುಖ್ಯ ಮರದಲ್ಲಿ ವರ್ಷಗಳಿಂದ ಇದೆ. ಇಲ್ಲಿ ಆ ಚಿಪ್ಪು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಆನ್ ಆದ ಮೇಲೆ ಇಂತಿಷ್ಟು ಹೊತ್ತಿನೊಳಗೆ ‘ಎದ್ದೆ’ ಎಂದು ಸಿಸ್ಟಮ್ ವರದಿ ಮಾಡದಿದ್ದರೆ, ಬೂಟ್ ಕೆಟ್ಟಿದೆ ಎಂದು ತಿಳಿದು ರೀಸೆಟ್ ಎಳೆಯುತ್ತಿತ್ತು.

ಆದರೆ ಯಾವ ಮಾತಿನಲ್ಲಿ ವರದಿ ಮಾಡಬೇಕು? ತಯಾರಕರು ಕೊಟ್ಟ ಮೂಲಸಂಕೇತದಲ್ಲಿ ಇದರ ಸುಳಿವಿರಲಿಲ್ಲ. ಮಾತಾಡುತ್ತಿದ್ದದ್ದು ಕರ್ನಲ್ ಅಲ್ಲ, ಅದರ ಮೇಲೆ ಓಡುತ್ತಿದ್ದ, ಮೂಲಸಂಕೇತ ಕೊಡಬೇಕಿಲ್ಲದ ಒಂದು ಪ್ರೋಗ್ರಾಂ.

ಚೀಟಿ ಅಂಟಿಸಿ ಪಕ್ಕಕ್ಕಿಟ್ಟಿದ್ದ ಡಿಸ್ಕಿನ ಬೆಲೆ ತಿಳಿದದ್ದು ಆಗ. ಕ ಅದನ್ನು ಮತ್ತೆ ಸಿಕ್ಕಿಸಿ ಹಳೆಯ ಸಿಸ್ಟಮ್ ಎಬ್ಬಿಸಿದರು. ಪ್ರೋಸೆಸ್ ಪಟ್ಟಿಯಲ್ಲಿ ಎರಡನೇ ಸೀರಿಯಲ್ ಪೋರ್ಟನ್ನು ತೆರೆದು ಕೂತಿದ್ದ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಯಾವುದೆಂದು ಹುಡುಕಿದರು. ಅದು ಓಡುತ್ತಿರುವಾಗಲೇ ಪೋರ್ಟಿನ ವೇಗ ಕೇಳಿದರೆ 19200 ಬಾಡ್ ಎಂದು ಬಂತು. ಬಳಿಕ, ಒಂದು ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನೆಲ್ಲ ತೋರಿಸುವ ಸ್ಟ್ರೇಸ್ ಎಂಬ ಸಲಕರಣೆಯನ್ನು ಬೇರೆ ಲೈಬ್ರರಿಗಳ ಹಂಗಿಲ್ಲದಂತೆ ಸ್ಟ್ಯಾಟಿಕ್ ಆಗಿ ಕಟ್ಟಿ ಪೆಟ್ಟಿಗೆಗೆ ಹಾಕಿ, ಡೀಮನನ್ನು ನಿಲ್ಲಿಸಿ, ಸ್ಟ್ರೇಸ್ ಅಡಿಯಲ್ಲಿ ಮತ್ತೆ ಶುರು ಮಾಡಿದರು. ಪೋರ್ಟಿಗೆ ಬರೆದ ಪ್ರತಿ ಬೈಟ್ ತೆರೆಯ ಮೇಲೆ ಬಂತು: ಆರಂಭದಲ್ಲಿ ಒಂದು ಗುಂಪು, ಆಮೇಲೆ ಆಗೊಮ್ಮೆ ಈಗೊಮ್ಮೆ ತಾಪಮಾನ ಕೇಳುವ ಒಂದು ಬೈಟ್ ಮತ್ತು ಅದಕ್ಕೆ ಉತ್ತರ.

ಡೀಮನ್‌ನ ಬೈನರಿಯನ್ನು ಬಿಚ್ಚಿ ಓದಿದರೆ ಎಲ್ಲ ಆದೇಶಗಳೂ ಒಟ್ಟಿಗೆ ಸಿಗುತ್ತವಲ್ಲ ಎಂದು ನಾನು ಕೇಳಿದೆ. ಕ ಒಪ್ಪಲಿಲ್ಲ. ತಮ್ಮ ಕಣ್ಣ ಮುಂದೆ ಡೀಮನ್ ಕಳಿಸಿದ ಬೈಟ್‌ಗಳನ್ನು ಮಾತ್ರ ತಾವೂ ಕಳಿಸುತ್ತೇವೆ, ಬೇರೆಯದನ್ನು ಊಹಿಸಿ ಕಳಿಸುವುದಿಲ್ಲ ಎಂಬುದು ಅವರ ನಿಯಮ. ಅಪರಿಚಿತ ಬೈಟ್ ಒಂದು ಆ ಚಿಪ್ಪಿನ ಶಾಶ್ವತ ಸ್ಮೃತಿಯಲ್ಲಿ ಏನಾದರೂ ಬರೆದುಬಿಟ್ಟರೆ ಅದನ್ನು ಹಿಂದಿರುಗಿಸಲು ಯಾವ ಹಿಂಬಾಗಿಲೂ ಇಲ್ಲ. ಒಂದೇ ಪೆಟ್ಟಿಗೆ ಇರುವ ಹವ್ಯಾಸಿಗೆ ಇದು ಸರಿಯಾದ ಎಚ್ಚರ ಎಂದು ಈಗ ನನಗೂ ಅನಿಸುತ್ತದೆ.

ಸಿಕ್ಕ ಬೈಟ್‌ಗಳನ್ನು ಪರೀಕ್ಷಿಸಿದ ರೀತಿ ಸೊಗಸಾಗಿತ್ತು. ಕರ್ನಲ್ ಇಲ್ಲದೆ, ಬೂಟ್‌ಲೋಡರಿನ ಪ್ರಾಂಪ್ಟಿನಿಂದಲೇ, ಸ್ಮೃತಿಗೆ ನೇರ ಬರೆಯುವ ಆದೇಶದಿಂದ ಎರಡನೇ ಸೀರಿಯಲ್ ಪೋರ್ಟಿನ ರಿಜಿಸ್ಟರುಗಳನ್ನು (ಅದರ ನಡವಳಿಕೆ ನಿರ್ಧರಿಸುವ ಸ್ಮೃತಿಕೋಶಗಳನ್ನು) ಕೈಯಾರೆ ಹೊಂದಿಸಿದರು. ಈ ಚಿಪ್ಪಿನಲ್ಲಿ ಸೀರಿಯಲ್ ಪೋರ್ಟಿಗೆ ಹೋಗುವ ಕ್ಲಾಕ್ 200 ಮೆಗಾಹರ್ಟ್ಸ್. ಅದನ್ನು 19200ರ 16 ಪಟ್ಟಿನಿಂದ, ಅಂದರೆ 307200ರಿಂದ ಭಾಗಿಸಿದರೆ 651. ಆ ಸಂಖ್ಯೆಯನ್ನು ಎರಡು ಬೈಟ್ ಮಾಡಿದರೆ ಮೇಲಿನದು 2, ಕೆಳಗಿನದು 139. ಲೈನ್ ಕಂಟ್ರೋಲ್ ರಿಜಿಸ್ಟರಿನ ಮೇಲ್ತುದಿಯ ಬಿಟ್ ಎತ್ತಿ, ಇವೆರಡನ್ನು ಬರೆದು, ಬಿಟ್ ಇಳಿಸಿದರು. ಪಿನ್‌ಗಳನ್ನು ಹಳೆಯ ಬೂಟ್‌ಲೋಡರ್ ಮೊದಲೇ ಸೀರಿಯಲ್‌ಗೆ ಹೊಂದಿಸಿಟ್ಟಿತ್ತು. ಇನ್ನು ಉಳಿದದ್ದು ಆರಂಭದ ಬೈಟ್‌ಗಳನ್ನು ಒಂದೊಂದಾಗಿ ಕಳಿಸಿ ಕಾಯುವುದು. ಅವುಗಳಲ್ಲಿ ಒಂದನ್ನು ಕಳಿಸಿದ ಮೇಲೆ ಪ್ರಾಂಪ್ಟು ಮಾಮೂಲಿ ಗಡುವನ್ನು ದಾಟಿ ಹಾಗೇ ನಿಂತಿತು. ಮರುದಿನ ನೋಡಿದಾಗಲೂ ನಿಂತೇ ಇತ್ತು. ಪದೇಪದೇ ಕಳಿಸುವ ಅಗತ್ಯವಿಲ್ಲ, ಒಮ್ಮೆ ಹೇಳಿದರೆ ಸಾಕು ಎಂಬುದೂ ಅದರಿಂದಲೇ ಖಚಿತವಾಯಿತು.

ಇದನ್ನು ಎಲ್ಲಿ ಹಾಕುವುದು? ಕರ್ನಲ್ ಡ್ರೈವರ್ ಬರೆಯಬಹುದಿತ್ತು. ಕ ಅದನ್ನು ಇನಿಟ್‌ರಾಮ್‌ಎಫ್‌ಎಸ್‌ನೊಳಗಿನ (ಕರ್ನಲ್ ಎದ್ದೊಡನೆ ರ‍್ಯಾಮಿನಲ್ಲಿ ತೆರೆದುಕೊಳ್ಳುವ ಫೈಲುಗಳ ಗಂಟು) ಒಂದು ಪುಟ್ಟ ಪ್ರೋಗ್ರಾಂ ಮಾಡಿದರು. ಅವರ ತರ್ಕ: ಮೈಕ್ರೋಕಂಟ್ರೋಲರಿನ ಭಾಷೆ ಪೂರ್ತಿ ಗೊತ್ತಿಲ್ಲದಿರುವಾಗ ಅದನ್ನು ಕರ್ನಲ್‌ನೊಳಗೆ ಗಟ್ಟಿ ಮಾಡುವುದು ಬೇಡ. ನನಗಿದು ಪೂರ್ತಿ ಒಪ್ಪಿಗೆಯಿಲ್ಲ, ಏಕೆಂದರೆ ಇನಿಟ್‌ರಾಮ್‌ಎಫ್‌ಎಸ್ ಕಟ್ಟುವಾಗ ಅದು ಎಂದಾದರೂ ಬಿಟ್ಟುಹೋದರೆ ಪೆಟ್ಟಿಗೆ ಮತ್ತೆ ಕಾರಣ ಹೇಳದೆ ಸಾಯತೊಡಗುತ್ತದೆ. ಅವರು ಅದಕ್ಕೆ ಕಟ್ಟುವ ಸ್ಕ್ರಿಪ್ಟಿನಲ್ಲೇ ಒಂದು ತಪಾಸಣೆ ಹಾಕಿಕೊಂಡಿದ್ದಾರೆ.

ನೆಟ್‌ವರ್ಕ್ ವಿಳಾಸ ತಪ್ಪಿದ್ದು

2 ಎಂಬಿ ಜಾಗದ ಪ್ರಶ್ನೆ ಬೇಗ ತೀರಿತು. ಫ್ಲ್ಯಾಶಿನ ವಿಭಾಗಗಳನ್ನು ಮರುಹಂಚುವ ಬದಲು ಕರ್ನಲನ್ನು ಯುಎಸ್‌ಬಿ ಪೆನ್‌ಡ್ರೈವಿಗೆ ಹಾಕಿ, ಬೂಟ್‌ಲೋಡರ್ ಅಲ್ಲಿಂದ ಓದುವಂತೆ ಮಾಡಿದರು. ಪೆನ್‌ಡ್ರೈವ್ ಇಲ್ಲದಿದ್ದರೆ ಫ್ಲ್ಯಾಶಿನ ಹಳೆಯ ಸಿಸ್ಟಮ್ಮೇ ಏಳುತ್ತದೆ. ಇಡೀ ಕೆಲಸದಲ್ಲಿ ಫ್ಲ್ಯಾಶಿಗೆ ಬರೆದದ್ದು ಬೂಟ್‌ಲೋಡರಿನ ಆ ಒಂದು ಸೆಟ್ಟಿಂಗ್ ಮಾತ್ರ.

ಆದರೆ ಹಾಗೆ ಬೂಟ್ ಮಾಡಿದ ಮೇಲೆ ಹೊಸದೊಂದು ಶುರುವಾಯಿತು: ಪ್ರತಿ ಸಲ ಪೆಟ್ಟಿಗೆಗೆ ಬೇರೆ ಐಪಿ ವಿಳಾಸ. ರೌಟರಿನ ಪಟ್ಟಿಯಲ್ಲಿ ಒಂದೇ ಪೆಟ್ಟಿಗೆ ಹಲವು ಅಪರಿಚಿತ ಯಂತ್ರಗಳಂತೆ ಸಾಲಾಗಿ ಕೂತಿತ್ತು. ಟಿಎಫ್‌ಟಿಪಿ ಮೂಲಕ ಬೂಟ್ ಮಾಡುತ್ತಿದ್ದಾಗ ಒಮ್ಮೆಯೂ ಹೀಗಾಗಿರಲಿಲ್ಲ. ವ್ಯತ್ಯಾಸ ಅಲ್ಲೇ ಇತ್ತು. ಈ ಬೂಟ್‌ಲೋಡರ್ ಈಥರ್ನೆಟ್ ಚಿಪ್ಪಿಗೆ ಮ್ಯಾಕ್ ವಿಳಾಸ (ನೆಟ್‌ವರ್ಕಿನಲ್ಲಿ ಯಂತ್ರದ ಗುರುತು) ತುಂಬುತ್ತಿದ್ದದ್ದು ತಾನು ನೆಟ್‌ವರ್ಕ್ ಬಳಸಿದಾಗ ಮಾತ್ರ. ಟಿಎಫ್‌ಟಿಪಿಯಲ್ಲಿ ತುಂಬುತ್ತಿತ್ತು, ಕರ್ನಲ್ ಅದನ್ನೇ ಎತ್ತಿಕೊಳ್ಳುತ್ತಿತ್ತು. ಯುಎಸ್‌ಬಿಯಿಂದ ಎದ್ದರೆ ರಿಜಿಸ್ಟರ್ ಖಾಲಿ. ಸಿಂಧುವಾದ ವಿಳಾಸ ಸಿಗದಿದ್ದರೆ ಡ್ರೈವರ್ ಮನಬಂದ ವಿಳಾಸ ಹುಟ್ಟಿಸಿಕೊಳ್ಳುತ್ತದೆ. ಅಂಥ ವಿಳಾಸವನ್ನು ಗುರುತಿಸುವುದು ಸುಲಭ: ಮೊದಲ ಬೈಟಿನ ಕೊನೆಯಿಂದ ಎರಡನೇ ಬಿಟ್, ‘ಸ್ಥಳೀಯವಾಗಿ ಕೊಟ್ಟದ್ದು’ ಎಂಬ ಗುರುತು, ಅದರಲ್ಲಿ 1 ಆಗಿರುತ್ತದೆ. ನಿಜವಾದ ವಿಳಾಸ ಬೂಟ್‌ಲೋಡರಿನ ಸೆಟ್ಟಿಂಗುಗಳಲ್ಲಿ ಇದ್ದೇ ಇತ್ತು. ಲಿನಕ್ಸ್‌ನಿಂದಲೇ ಅದನ್ನು ಓದಿ, ನೆಟ್‌ವರ್ಕ್ ಎಬ್ಬಿಸುವ ಮೊದಲು ಹಚ್ಚುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದರು.

ಸಣ್ಣ ದೋಷ, ಸಣ್ಣ ಪರಿಹಾರ. ಆದರೂ ಇದನ್ನು ದಾಖಲಿಸುತ್ತಿರುವುದಕ್ಕೆ ಕಾರಣವಿದೆ. ಕೆಲಸಕ್ಕೆಂದು ಕಟ್ಟಿಕೊಂಡ ಅನುಕೂಲವೇ ದೋಷವನ್ನು ಕಡೆಯವರೆಗೂ ಮುಚ್ಚಿಟ್ಟಿತ್ತು. ನೆಟ್‌ವರ್ಕಿನಿಂದ ಬೂಟ್ ಮಾಡಿ ‘ನೆಟ್‌ವರ್ಕ್ ಸರಿ ಇದೆ’ ಎಂದು ಗುರುತು ಹಾಕಿಕೊಂಡವರು ಪರೀಕ್ಷಿಸಿದ್ದು ಬೂಟ್‌ಲೋಡರನ್ನೇ ಹೊರತು ಕರ್ನಲನ್ನಲ್ಲ. ಯುಎಸ್‌ಬಿ, ಡಿಸ್ಕ್, ಪಿನ್‌ಗಳ ಹೊಂದಾಣಿಕೆ ಯಾವುದನ್ನೇ ಬೂಟ್‌ಲೋಡರ್ ಮೊದಲು ಮುಟ್ಟಿದ್ದರೂ ಇದೇ ಅನುಮಾನ ಇಟ್ಟುಕೊಳ್ಳಬೇಕಾಗುತ್ತದೆ.

ಮುಖ್ಯ ಮರಕ್ಕೆ

ಡಿವೈಸ್ ಟ್ರೀಯನ್ನು ತಮ್ಮಲ್ಲೇ ಇಟ್ಟುಕೊಳ್ಳುವುದೋ, ಲಿನಕ್ಸ್ ಮುಖ್ಯ ಮರಕ್ಕೆ ಕಳಿಸುವುದೋ ಎಂದು ಕ ಕೆಲಕಾಲ ತೂಗಿದರು. ಕಳಿಸಿದರೆ ಅಪರಿಚಿತರ ವಿಮರ್ಶೆ ಎದುರಿಸಬೇಕು. ಇಟ್ಟುಕೊಂಡರೆ ಕರ್ನಲ್ ಹೊಸದಾದಾಗಲೆಲ್ಲ ತಾವೇ ಹೊಂದಿಸಬೇಕು. ಕಳಿಸಿದರು. ವಿಮರ್ಶಕರು, ಬೋರ್ಡಿನ ಹೆಸರು ಸೇರಿಸುವ ಪ್ಯಾಚ್ (ಮೂಲಸಂಕೇತದ ಬದಲಾವಣೆ) ಬೇರೆ, ಡಿವೈಸ್ ಟ್ರೀ ಪ್ಯಾಚ್ ಬೇರೆ ಮಾಡಿ ಎಂದರು. ಎಲ್‌ಇಡಿಗಳಿಗೆ ಹಳೆಯ ಶೈಲಿಯ ಲೇಬಲ್ ಬದಲು ಬಣ್ಣ ಮತ್ತು ಕೆಲಸವನ್ನು ಹೇಳುವ ಗುಣಗಳನ್ನು ಬಳಸಿ ಎಂದರು. ಒಂದು ಪ್ರಶ್ನೆ ಮಾತ್ರ ಮುಜುಗರದ್ದಾಗಿತ್ತು: ಈ ಪಿನ್ನನ್ನು ಯಾಕೆ ಸೇರಿಸಿದ್ದೀರಿ? ಶೀವಾಪ್ಲಗ್‌ನಿಂದ ನಕಲಿಸುವಾಗ ಹಾಗೇ ಉಳಿದುಬಿಟ್ಟ ಪಿನ್ ಅದು, ಈ ಬೋರ್ಡಿನಲ್ಲಿ ಅದಕ್ಕೆ ಏನೂ ಜೋಡಿಸಿರಲಿಲ್ಲ. ತೆಗೆದು ಹಾಕಿದ ಮೇಲೆ ಪ್ಯಾಚ್ ಸೇರಿತು.

ಅಷ್ಟಾದ ಮೇಲೆ ಕ, ಮೊದಲು ಬದಿಗಿಟ್ಟಿದ್ದ ನೆಟ್‌ಬಿಎಸ್‌ಡಿಯನ್ನು ಎತ್ತಿಕೊಂಡರು. ಕರ್ನಲ್ ಬೇರೆ, ಡ್ರೈವರುಗಳು ಬೇರೆ, ಕಟ್ಟುವ ಕ್ರಮ ಬೇರೆ. ಲಿನಕ್ಸ್‌ಗಾಗಿ ಬರೆದ ಒಂದು ಸಾಲೂ ಅಲ್ಲಿ ನೇರವಾಗಿ ಬಳಕೆಗೆ ಬರಲಿಲ್ಲ. ಬಂದದ್ದು ಟಿಪ್ಪಣಿ ಪುಸ್ತಕ: ಹೆಡರಿನ ಪಿನ್‌ಗಳು, 19200, 651, ಗಡುವಿಗೆ ಮುಂಚೆ ಕಳಿಸಬೇಕಾದ ಆ ಬೈಟ್, ಮ್ಯಾಕ್ ವಿಳಾಸ ಇರುವ ಜಾಗ. ಲಿನಕ್ಸ್‌ನಲ್ಲಿ ಅತಿ ಹೆಚ್ಚು ಕಾಲ ನುಂಗಿದ ರೀಬೂಟ್ ಸಮಸ್ಯೆಯನ್ನು ಇಲ್ಲಿ ಬೂಟ್‌ಲೋಡರಿನ ಪ್ರಾಂಪ್ಟಿಗೆ ಒಂದಷ್ಟು ಸಾಲು ಅಂಟಿಸಿ ದಾಟಿದರು. ನೆಟ್‌ಬಿಎಸ್‌ಡಿ ಸದ್ಯ ಯುಎಸ್‌ಬಿಯಿಂದ ಎದ್ದು ಎರಡೂ ಡಿಸ್ಕ್ ನೋಡುತ್ತದೆ. ಮುಂಭಾಗದ ಗುಂಡಿಗಳ ಕೆಲಸ ಇನ್ನೂ ಆಗಿಲ್ಲ.

ಎರಡರಲ್ಲೂ ಬಾಕಿ ಉಳಿದಿರುವುದು ಫ್ಯಾನ್. ಹಳೆಯ ಡೀಮನನ್ನು ಗಮನಿಸುತ್ತಿದ್ದಷ್ಟೂ ಹೊತ್ತು ಪೆಟ್ಟಿಗೆ ತಣ್ಣಗಿತ್ತು. ಹಾಗಾಗಿ ಕಡಿಮೆ ಮತ್ತು ಮಧ್ಯಮ ವೇಗದ ಬೈಟ್‌ಗಳು ಮಾತ್ರ ಕಂಡವು, ಪೂರ್ಣ ವೇಗದ್ದು ಕಾಣಲಿಲ್ಲ. ಅದು ಮಧ್ಯಮದ ಮುಂದಿನ ಸಂಖ್ಯೆಯೇ ಇರಬೇಕು ಎಂದು ಖ ಹೇಳುತ್ತಾರೆ, ನನಗೂ ಹಾಗೇ ಅನಿಸುತ್ತದೆ. ಕ ಕಳಿಸಿಲ್ಲ. ಅದನ್ನು ಕಣ್ಣಾರೆ ನೋಡಬೇಕೆಂದರೆ ಹಳೆಯ ಡಿಸ್ಕ್ ಹಾಕಿ, ಸ್ಟ್ರೇಸ್ ಹಚ್ಚಿ, ಪೆಟ್ಟಿಗೆಯನ್ನು ಬೇಕೆಂದೇ ಬಿಸಿ ಮಾಡಬೇಕು. ಅದಕ್ಕೂ ಅವರು ಇನ್ನೂ ಕೈ ಹಾಕಿಲ್ಲ. ಸದ್ಯ ಫ್ಯಾನ್ ಎಲ್ಲ ಹೊತ್ತೂ ಮಧ್ಯಮ ವೇಗದಲ್ಲಿದೆ, ಡಿಸ್ಕುಗಳ ತಾಪಮಾನ ಮಿತಿ ದಾಟಿದರೆ ಪೆಟ್ಟಿಗೆಯನ್ನೇ ಆಫ್ ಮಾಡುವ ಸ್ಕ್ರಿಪ್ಟ್ ಒಂದು ಹಿನ್ನೆಲೆಯಲ್ಲಿ ಓಡುತ್ತಿದೆ.